ಯಾವ ದೇವರಿಗೆ ಹೋಗಿದ್ರಿ?

ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಮಧ್ಯಾಹ್ನ ಸಹೋದ್ಯೋಗಿಯೊಬ್ಬರು ಮೊಬೈಲ್ ಹಿಡಿದು ಎಲ್ಲರಿಗೂ ಫೋಟೋ ತೋರಿಸುತ್ತಿದ್ದರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವರ ಮಗಳು ಗೆಳತಿಯರ ಜೊತೆ ಇಟಲಿಗೆ ಹೋಗಿಬಂದಿದ್ದಳು. ರೋಮ್ ನಗರದ ಯಾವುದೋ ಓಣಿಯಲ್ಲಿ, ಬೀದಿಯಲ್ಲೇ ಹಾಕಿದ ಮೇಜಿನ ಸುತ್ತ ನಾಲ್ವರು ಹುಡುಗಿಯರು ಕೂತು ಪಿಜ್ಜಾ ತಿನ್ನುತ್ತ ನಗುತ್ತಿದ್ದರು. "ಎಷ್ಟ್ ಛಂದ ಐತ್ರೀ ಸರ್" ಎಂದರು ಎಲ್ಲರೂ. ನಾನೂ ಅಂದೆ. ನಿಜವಾಗಿಯೂ ಚೆಂದವಿತ್ತು.

ಮೊಬೈಲನ್ನು ಜೇಬಿಗಿಟ್ಟುಕೊಂಡ ಅದೇ ಸರ್ ನನ್ನ ಕಡೆ ತಿರುಗಿ, "ಏನ್ರೀ ಮೇಡಂ, ಫ್ರೀ ಬಸ್ಸಿನಾಗ ದಾವಣಗೇರಿಗೆ ದೋಸಿ ತಿನ್ನಾಕ ಹೋಗಿದ್ರಂತ?" ಎಂದರು. ಎಲ್ಲರೂ ನಕ್ಕರು. ನಕ್ಕವರಲ್ಲಿ ಹೆಂಗಸರೂ ಇದ್ದರು.

ಆ ನಗುವಿಗೆ ಅಂದು ನಾನು ಉತ್ತರ ಕೊಡಲಿಲ್ಲ. ಈಗ ಕೊಡುತ್ತಿದ್ದೇನೆ.

ನಾವು ಐವರು ಗೆಳತಿಯರು. ಬಿ.ಎಡ್. ಓದುವಾಗ ಒಂದೇ ಹಾಸ್ಟೆಲ್ಲಿನ ನೀರು ಸಾರು ಉಂಡವರು. ಈಗ ಒಬ್ಬೊಬ್ಬಳು ಒಂದೊಂದು ತಾಲ್ಲೂಕು ಸೇರಿದ್ದೇವೆ: ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ನಾನು ಕೊಟ್ಟೂರು. ಹೆಸರು ಬೇಡ, ಊರಿನಿಂದಲೇ ಕರೆಯುತ್ತೇನೆ. ಈ ಮೂವತ್ತು ವರ್ಷಗಳಲ್ಲಿ ನಾವು ಸೇರಿದ್ದಾದರೂ ಎಲ್ಲಿ? ಮಕ್ಕಳ ಮದುವೆಯಲ್ಲಿ, ಸತ್ತವರ ಮನೆಯಲ್ಲಿ, ಕೊಟ್ಟೂರೇಶ್ವರನ ತೇರಿನಲ್ಲಿ, ಮೈಲಾರದ ಕಾರ್ಣಿಕದಲ್ಲಿ. ಎಲ್ಲಿಗೆ ಹೋದರೂ ಕೈಯಲ್ಲಿ ಬುತ್ತಿಯ ಗಂಟು, ಕಂಕುಳಲ್ಲಿ ಒಂದು ಕೂಸು. ಬರೀ ಕೂತು ಮಾತಾಡಿ, ಬೇರೆ ಯಾರೋ ಮಾಡಿದ್ದನ್ನು ಬಿಸಿಬಿಸಿ ತಿಂದು ಬರೋಣವೆಂದು ಒಂದು ದಿನವೂ ಹೊರಟವರಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ನಾನು ಸಂಬಳದವಳು, ಟಿಕೆಟ್ಟಿನ ದುಡ್ಡು ನನಗೆ ದೊಡ್ಡದಲ್ಲ. ಆದರೆ ಹಗರಿಬೊಮ್ಮನಹಳ್ಳಿಯವಳು ಬಿ.ಎಡ್. ಮುಗಿಸಿಯೂ ಕೆಲಸಕ್ಕೆ ಸೇರಲಿಲ್ಲ, ಸೇರಲು ಬಿಡಲಿಲ್ಲ. ಬಸ್ಸಿಗೆ ನೂರು ರೂಪಾಯಿ ಬೇಕಾದರೂ ಅವಳು ಕೇಳಬೇಕು, ಕೇಳಿದರೆ ಕಾರಣ ಹೇಳಬೇಕು, ಬಂದಮೇಲೆ ಲೆಕ್ಕ ಒಪ್ಪಿಸಬೇಕು. ಆಧಾರ್ ಕಾರ್ಡ್ ತೋರಿಸಿದರೆ ಕಂಡಕ್ಟರ್ ಕೊಡುವ ಆ ಶೂನ್ಯ ದರದ ಟಿಕೆಟ್ಟು ಅವಳಿಗೆ ಉಳಿಸಿದ್ದು ದುಡ್ಡನ್ನಲ್ಲ, ಕೇಳುವ ಸಂಕಟವನ್ನು.

ಒಂದು ಭಾನುವಾರ ಹೊರಟೆವು. ಇಲ್ಲೊಂದು ತಪ್ಪು ಒಪ್ಪಿಕೊಳ್ಳಬೇಕು. ಮನೆಯಲ್ಲಿ ನಾನು ಹೇಳಿದ್ದು, "ಹರಿಹರೇಶ್ವರನ ದರ್ಶನಕ್ಕೆ ಹೋಗಿಬರ್ತೀವಿ" ಎಂದು. ಸುಳ್ಳು ಹೇಳಬಾರದೆಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ! ಕೂಡ್ಲಿಗಿಯವಳು ಕಣ್ಣು ಪರೀಕ್ಷೆ ಎಂದು ಹೇಳಿ ಬಂದಿದ್ದಳು, ಹರಪನಹಳ್ಳಿಯವಳು ಸೀರೆ ಖರೀದಿ ಎಂದು. ನಿಜ ಹೇಳಿದವಳು ಹಡಗಲಿಯವಳು ಒಬ್ಬಳೇ. "ಯಾವ ದೇವರಿಗೆ?" ಎಂದು ಮಗ ಕೇಳಿದ್ದಕ್ಕೆ "ದೇವರಿಗಲ್ಲಪ್ಪ, ಗೆಳತೇರ ಜೋಡಿ ದೋಸಿ ತಿನ್ನಾಕ" ಎಂದಳಂತೆ. "ಈ ವಯಸ್ಸಿನಾಗ? ಜನ ಏನಂತಾರವ್ವ?" ಎಂದನಂತೆ ಆತ. ಅವಳು ಬರಲಿಲ್ಲ. ಸುಳ್ಳು ಹೇಳಿದ ನಾವು ಬಸ್ಸು ಹತ್ತಿದೆವು, ನಿಜ ಹೇಳಿದವಳು ಮನೆಯಲ್ಲಿ ಉಳಿದಳು.

ದಾವಣಗೆರೆಯ ಬೆಣ್ಣೆ ದೋಸೆಯ ಬಗ್ಗೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಸೌದೆ ಒಲೆ, ದಪ್ಪ ಕಾವಲಿ, ಮೇಲೆ ಬೆಣ್ಣೆಯ ಉಂಡೆ, ಪಕ್ಕದಲ್ಲಿ ಬಿಳಿಯ ಕಾಯಿಚಟ್ನಿ, ಆಲೂಗಡ್ಡೆ ಪಲ್ಯ. ಮೊದಲ ದೋಸೆ ಬಂದಾಗ ಹಗರಿಬೊಮ್ಮನಹಳ್ಳಿಯವಳು ಅಭ್ಯಾಸಬಲದಿಂದ ತಟ್ಟೆಯನ್ನು ನಮ್ಮ ಕಡೆ ಸರಿಸಿದಳು. "ನಿಂದೇ ಅದು, ತಿನ್ನು" ಎಂದೆವು. ಒಂದು ತುತ್ತು ಬಾಯಿಗಿಟ್ಟು, "ಮನ್ಯಾಗ ನನ್ನ ದೋಸಿ ಯಾವಾಗ್ಲೂ ಕಡೀದು ಕಣ್ರೇ. ಹಿಟ್ಟು ಉಳಿದ್ರ ಉಂಟು, ಇಲ್ಲಾಂದ್ರ ಇಲ್ಲ" ಎಂದಳು. ನಾವು ನಾಲ್ವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವಳು ಇನ್ನೊಂದು ದೋಸೆ ತರಿಸಿಕೊಂಡಳು.

ಈ ದೋಸೆಯ ಮೂಲ ಕೇಳಿದರೆ ದಾವಣಗೆರೆಯವರು ಚೆನ್ನಮ್ಮ ಎಂಬ ಹೆಣ್ಣುಮಗಳ ಹೆಸರು ಹೇಳುತ್ತಾರೆ. 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದು, ನಾಟಕದ ಥಿಯೇಟರಿನ ಹತ್ತಿರ ರಾಗಿ ದೋಸೆ ಮಾರಿ ಬದುಕಿದವಳಂತೆ. ಅಕ್ಕಿ ಹಿಟ್ಟು, ಬೆಣ್ಣೆ ಆಮೇಲೆ ಮಕ್ಕಳ ಕಾಲದಲ್ಲಿ ಬಂದವಂತೆ. ಹತ್ತಿ ಗಿರಣಿಗಳಿಂದ ಹೆಸರಾಗಿದ್ದ ಊರು ಇಂದು ಹೆಣ್ಣೊಬ್ಬಳ ಕಾವಲಿಯಿಂದ ಹೆಸರಾಗಿದೆ. ಹೆಣ್ಣು ಬೀದಿಯಲ್ಲಿ ನಿಂತು ಊರಿಗೆಲ್ಲ ದೋಸೆ ಸುಟ್ಟು ಹಾಕಿದರೆ ಮೆಚ್ಚುವ ಜನ, ಅದೇ ಬೀದಿಯಲ್ಲಿ ಹೆಣ್ಣು ಕೂತು ತಿಂದರೆ ಯಾಕೆ ನಗಬೇಕು?

ನಮ್ಮ ಕೊಟ್ಟೂರಿನಲ್ಲಿ ಸಂಜೆಯಾದರೆ ಮಂಡಕ್ಕಿ-ಮೆಣಸಿನಕಾಯಿ ಅಂಗಡಿಯ ಮುಂದೆ ಗಂಡಸರ ಗುಂಪು. ತಿಂದು, ಚಹಾ ಕುಡಿದು, ರಾಜಕೀಯ ಮಾತಾಡಿ ಮನೆಗೆ ಹೋಗಿ ಮತ್ತೆ ಊಟಕ್ಕೆ ಕೂರುತ್ತಾರೆ. "ಯಾವ ದೇವರಿಗೆ ಹೋಗಿದ್ರಿ?" ಎಂದು ಅವರನ್ನು ಯಾರಾದರೂ ಕೇಳಿದ್ದುಂಟೇ?

ಫ್ರೀ ಬಸ್ಸಿನಿಂದ ಹೆಂಗಸರು ತಿರುಗುವುದು ಜಾಸ್ತಿಯಾಯಿತು ಎನ್ನುತ್ತಾರೆ. ಆಗಿರಲಿ. ಬಸ್ಸು ತುಂಬಿ ಶಾಲೆ ಮಕ್ಕಳು ಬಾಗಿಲಲ್ಲಿ ಜೋತಾಡುವುದನ್ನು ನಾನೂ ಕಂಡಿದ್ದೇನೆ. ಆ ದೂರು ನಿಜ. ಅದಕ್ಕೆ ಪರಿಹಾರ ಹೆಚ್ಚು ಬಸ್ಸು ಬಿಡುವುದೇ ಹೊರತು ಹೆಂಗಸರನ್ನು ಕೆಳಗಿಳಿಸುವುದಲ್ಲ. ಅದೇ ಬಸ್ಸಿನಲ್ಲಿ ಕೂಲಿಗೆ ಹೋಗುವವರಿದ್ದಾರೆ, ಆಸ್ಪತ್ರೆಗೆ ಹೋಗುವವರಿದ್ದಾರೆ, ಕಾಲೇಜಿನ ಹುಡುಗಿಯರಿದ್ದಾರೆ. ಅವರ ನಡುವೆ ದೋಸೆ ತಿನ್ನಲು ಹೊರಟ ನಾಲ್ಕು ಹೆಂಗಸರಿದ್ದರೆ ಯಾರ ಗಂಟು ಹೋಯಿತು?

ಸರ್ ಅವರ ಮಗಳು ಇಟಲಿಗೆ ಹೋದದ್ದು ನನಗೂ ಹೆಮ್ಮೆ. ಅವಳು ನನ್ನ ಶಿಷ್ಯೆಯೂ ಹೌದು. ಆದರೆ ದುಡ್ಡಿದ್ದವಳು ವಿಮಾನದಲ್ಲಿ ಹೋದರೆ ಪ್ರವಾಸ, ದುಡ್ಡಿಲ್ಲದವಳು ಕೆಂಪು ಬಸ್ಸಿನಲ್ಲಿ ಹೋದರೆ ತಿರುಗಾಟ ಎಂಬ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಆ ಹುಡುಗಿಯ ತಾಯಿ, ನಾನು ಬಲ್ಲಂತೆ, ಗೆಳತಿಯರ ಜೊತೆ ಹರಪನಹಳ್ಳಿಯನ್ನೂ ದಾಟಿದವಳಲ್ಲ. ಮುಂದಿನ ಸಲ ಅವಳನ್ನೂ ಕರೆಯುತ್ತೇನೆ.

ನಕ್ಕ ಹೆಂಗಸರಿಗೆ ಒಂದು ಮಾತು. ಗಂಡಸರ ನಗು ನನಗೆ ಹೊಸದಲ್ಲ, ನಿಮ್ಮ ನಗು ನೋಯಿಸಿತು. "ಜನ ಏನಂತಾರೆ" ಎನ್ನುವಾಗ ಆ ಜನರಲ್ಲಿ ಅರ್ಧ ನಾವೇ. ಹಡಗಲಿಯವಳನ್ನು ಮನೆಯಲ್ಲಿ ಕೂರಿಸಿದ್ದು ಅವಳ ಮಗ ಒಬ್ಬನೇ ಅಲ್ಲ, ನಾವೂ ಕೂಡ. ನಮ್ಮ ಸುಳ್ಳುಗಳೂ ಕೂಡ. ನಾವು ನಾಲ್ವರೂ ನಿಜ ಹೇಳಿ ಹೊರಟಿದ್ದರೆ ಅವಳ ನಿಜ ಒಂಟಿಯಾಗುತ್ತಿರಲಿಲ್ಲ.

ಅವಳಿಗೆಂದು ಅಂದು ಖಾರ ಮಂಡಕ್ಕಿಯ ಪೊಟ್ಟಣ ಕಟ್ಟಿಸಿ ತಂದು, ಮಾರನೇ ವಾರ ಹಡಗಲಿಗೆ ಹೋಗಿ ಕೊಟ್ಟುಬಂದೆ. ಪೊಟ್ಟಣವನ್ನು ಮಗನ ಎದುರಿಗೇ ಬಿಚ್ಚಿ ತಿಂದಳು. "ಮುಂದಿನ ಸರ್ತಿ ಬರ್ತೀನಿ" ಎಂದಳು. ಆತ ಮಾತಾಡಲಿಲ್ಲ.

ಎರಡನೆಯ ಸಲ ಹೊರಡುವಾಗ ಮನೆಯವರು ಎಂದಿನಂತೆ, "ಯಾವ ದೇವರಿಗೆ?" ಎಂದರು. "ದೋಸಿಗೆ" ಎಂದೆ. ಅವರು ಪೇಪರಿನಿಂದ ತಲೆಯೆತ್ತಿ ಒಂದು ಗಳಿಗೆ ನೋಡಿ, "ನನಗೂ ಒಂದು ಕಟ್ಟಿಸ್ಕೊಂಡು ಬಾ" ಎಂದರು.

ಅದು ತಣ್ಣಗಾಗಿರುತ್ತದೆ ಎಂದೆ. ಇಷ್ಟು ವರ್ಷ ನಾವು ತಿಂದದ್ದೂ ತಣ್ಣಗಿನದೇ.