ಹೆಸರು ಬರೆದ ಲೋಟ

ಮದುವೆ ಮನೆಯಲ್ಲಿ ಮದುಮಗಳ ಜೊತೆ ನಿಂತು ದುಡಿಯುವ ಗೆಳತಿಯರಿಗೆ ಏನಾದರೂ ಕೊಡಬೇಕೆಂಬ ಆಸೆ ಸಹಜ. ದುಬಾರಿ ವಸ್ತುವೇ ಆಗಬೇಕೆಂದಿಲ್ಲ. ಅವರವರ ಹೆಸರು ಬರೆದ ಗಾಜಿನ ಲೋಟ ಕೊಡಬಹುದು. ಆದರೆ ಅದು ಕಪಾಟಿನ ಅಲಂಕಾರವಲ್ಲ, ನೀರು ಕುಡಿಯುವ ಲೋಟ ಎಂಬುದು ನೆನಪಿರಲಿ.

ಬಣ್ಣ ನೀರಿಗಾಗಲಿ ತುಟಿಗಾಗಲಿ ತಾಗಬಾರದು. ಹೊರಮೈಯಲ್ಲಿ, ಅಂಚಿನಿಂದ ಕನಿಷ್ಠ 2 ಸೆಂಟಿಮೀಟರ್ ಕೆಳಗೆ ಬರೆಯಿರಿ. ಮೊದಲು ಲೋಟವನ್ನು ಸೋಪು ಹಾಕಿ ತೊಳೆದು ಒಣಗಿಸಿ. ಜಿಡ್ಡಿದ್ದರೆ ಬಣ್ಣ ಹಿಡಿಯದು. ಹೆಸರು ಬರೆದ ಕಾಗದವನ್ನು ಒಳಗಿನಿಂದ ಅಂಟಿಸಿ, ಅದನ್ನು ನೋಡಿಕೊಂಡು ಹೊರಗೆ ಗಾಜಿನ ಬಣ್ಣದಿಂದ ತಿದ್ದಿ. ಒಣಗಿದ ಮೇಲೆ ಕಾಗದ ತೆಗೆಯಿರಿ. ಓವನ್‌ನಲ್ಲಿ ಕಾಯಿಸುವ ಬಣ್ಣವಾದರೆ ಶೀಶೆಯ ಮೇಲಿನ ಸೂಚನೆ ಪಾಲಿಸಿ. ಲೋಟವನ್ನು ತಣ್ಣಗಿನ ಓವನ್‌ನಲ್ಲಿಟ್ಟೇ ಕಾಯಿಸಿ, ಅಲ್ಲಿಯೇ ಆರಲು ಬಿಡಿ. ಒಮ್ಮೆಲೇ ಬಿಸಿ ಅಥವಾ ತಂಪು ತಾಗಿದರೆ ಗಾಜು ಒಡೆಯುತ್ತದೆ. ಗಾಜು ಕೊರೆಯುವ ಕ್ರೀಮ್ ಚರ್ಮ ಸುಡುತ್ತದೆ, ಮಕ್ಕಳಿರುವ ಮನೆಗೆ ಅದು ಬೇಡ.

ಇನ್ನೊಂದು ಮಾತು. ಆಯಿಶಾ, ಆಯಿಷಾ ಎಂದು ಒಂದೇ ಹೆಸರನ್ನು ಬೇರೆ ಬೇರೆ ರೀತಿ ಬರೆಯುವವರಿದ್ದಾರೆ. ಮೊದಲೇ ಕೇಳಿಕೊಳ್ಳಿ. ಹೆಸರು ತಪ್ಪಿದ ಉಡುಗೊರೆ ಸಂತೋಷದ ಬದಲು ಮುಜುಗರ ತಂದೀತು.