ಟೈ ರಾಡ್ ಎಂಡ್ ಕೊಳ್ಳುವ ಮುನ್ನ

ಕಾರಿನ ಬಣ್ಣ ಮಾಸಿದರೆ ಮನೆಮಂದಿಯೆಲ್ಲ ಗಮನಿಸುತ್ತಾರೆ. ಹಳ್ಳಕೊಳ್ಳದ ರಸ್ತೆಯಲ್ಲಿ ಮುಂದಿನ ಗಾಲಿಯ ಬಳಿ 'ಟಕ್ ಟಕ್' ಎಂದು ಸದ್ದು ಬಂದರೆ ಮಾತ್ರ, ಇರಲಿ ನೋಡೋಣ ಎಂದು ಮುಂದೂಡುವವರೇ ಹೆಚ್ಚು. ಆ ಸದ್ದಿಗೆ ಅನೇಕ ವೇಳೆ ಟೈ ರಾಡ್ ಎಂಡ್ ಎಂಬ ಸಣ್ಣ ಉಕ್ಕಿನ ಭಾಗವು ಕಾರಣವಾಗಿರುತ್ತದೆ. ಸ್ಟಿಯರಿಂಗಿನ ಚಲನೆಯನ್ನು ಗಾಲಿಗೆ ಮುಟ್ಟಿಸುವ ಕೊನೆಯ ಕೊಂಡಿ ಅದು. ಅದರೊಳಗಿನ ಗುಂಡು ತನ್ನ ಬಟ್ಟಲಿನಿಂದ ಕಳಚಿತೆಂದರೆ ಆ ಬದಿಯ ಗಾಲಿಗೆ ಹೇಳುವವರು ಕೇಳುವವರು ಇರುವುದಿಲ್ಲ.

ಅಂಗಡಿಯಲ್ಲಿ ದೊರೆಯುವ ಮಾಲು ಒಂದೇ ತೆರನಾದದ್ದಲ್ಲ. ಕಾರು ಕಂಪನಿಗಳು ಇಂತಹ ಭಾಗಗಳನ್ನೆಲ್ಲ ತಾವೇ ತಯಾರಿಸುವುದಿಲ್ಲ. ಚೆನ್ನೈಯ ರಾಣೆ ಮದ್ರಾಸ್‌ನಂತಹ ಸಂಸ್ಥೆಗಳಿಂದ ಕೊಳ್ಳುತ್ತವೆ. ಅಂತಹ ತಯಾರಕರು ತಮ್ಮದೇ ಹೆಸರಿನಲ್ಲಿಯೂ ಬಿಡಿಭಾಗಗಳನ್ನು ಮಾರುವುದುಂಟು. ಕಾರು ಕಂಪನಿಯ ಪೊಟ್ಟಣವೇ ಬೇಕೆಂಬ ಹಟ ಇಲ್ಲಿ ಅನಗತ್ಯವೆಂದು ನನ್ನ ಅಭಿಪ್ರಾಯ. ಅಂಜಬೇಕಾದುದು ಹೆಸರು ವಿಳಾಸಗಳಿಲ್ಲದ ಮಾಲಿಗೆ. ಅದಕ್ಕಿಂತಲೂ ಹೆಚ್ಚಾಗಿ, ಹೆಸರಾಂತ ಪೊಟ್ಟಣದ ನಕಲಿಗೆ. 2011ರ ಪೊಟ್ಟಣ ಸರಕುಗಳ ನಿಯಮದಂತೆ ತಯಾರಕರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ, ತಿಂಗಳು ಮತ್ತು ವರ್ಷ ಮುದ್ರಿತವಾಗಿರಬೇಕು.

ಪೊಟ್ಟಣ ಬಿಚ್ಚಿದ ಮೇಲೆ ಬಣ್ಣದ ಹೊಳಪಿಗೆ ಮರುಳಾಗಬೇಡಿ. ಮೊದಲು ಗುಂಡಿನ ಕಡ್ಡಿಯನ್ನು ಬೆರಳುಗಳಿಂದ ಹಿಡಿದು ಸುತ್ತಲೂ ಓಲಾಡಿಸಿ ನೋಡಿ. ಹೊಸದು ತುಸು ಬಿಗಿಯಾಗಿ, ಆದರೆ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಹೊರಳಬೇಕು. ತಾನಾಗಿಯೇ ಜೋತುಬಿದ್ದರೆ, ಒಂದೆಡೆ ಸಡಿಲಾಗಿ ಮತ್ತೊಂದೆಡೆ ಕಚ್ಚಿಕೊಂಡರೆ, ಮೇಲೆ ಕೆಳಗೆ ಎಳೆದಾಗ ಆಡಿದರೆ ಹಿಂದಿರುಗಿಸಿ. ಮುಂದೆ ರಬ್ಬರ್ ಬೂಟ್. ಇದನ್ನು ಕಡೆಗಣಿಸುವವರು ಬಹಳ. ಆದರೆ ಈ ಭಾಗದ ಆಯುಷ್ಯವೆಲ್ಲ ಅದರ ಕೈಯಲ್ಲಿದೆ. ಬೂಟ್ ಹರಿದರೆ ಮಳೆಯ ನೀರು, ಧೂಳು ಒಳಸೇರಿ ಗ್ರೀಸು ಕೆಡುತ್ತದೆ, ಗುಂಡು ಸವೆಯತೊಡಗುತ್ತದೆ. ರಬ್ಬರು ಮೆದುವಾಗಿರಬೇಕು, ಹಿಚುಕಿದಾಗ ಬಿರುಕು ಕಾಣಬಾರದು, ಅಂಚಿನ ಬಳೆ ಭದ್ರವಾಗಿ ಕುಳಿತಿರಬೇಕು. ಮರೆಗಳ ಮೇಲೆ ನಟ್ಟು ಕೈಯಿಂದಲೇ ಸರಾಗವಾಗಿ ಓಡಬೇಕು.

ಉಕ್ಕಿನ ಹದ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಪರೀಕ್ಷಿಸಲು ಪ್ರಯೋಗಾಲಯವೇ ಬೇಕು. ಆದುದರಿಂದಲೇ ಭಾಗದ ಮೇಲೆ ತಯಾರಕರ ಗುರುತು, ಸಂಖ್ಯೆಗಳು ಅಚ್ಚಾಗಿವೆಯೇ ಎಂದು ನೋಡಿ, ರಸೀದಿ ಪಡೆಯದೆ ಕೊಳ್ಳಬಾರದು. ರಸೀದಿ ಕೊಡಲು ಮೀನಮೇಷ ಎಣಿಸುವ ಅಂಗಡಿಯವನು ಮಾಲಿನ ಬಗೆಗೆ ಅರ್ಧ ಉತ್ತರವನ್ನು ಕೊಟ್ಟಂತೆಯೇ ಸರಿ.

ಗ್ಯಾರೇಜಿನಲ್ಲಿ ಹಳೆಯದನ್ನೂ ಹೊಸದನ್ನೂ ಜೊತೆಗಿಟ್ಟು ಅಳತೆ ಹೋಲಿಸಿ ನೋಡಲು ಹೇಳಿ. ಕಡ್ಡಿಯ ಓರೆಯು ಗಾಲಿಯ ತೋಳಿನ ತೂತಿನಲ್ಲಿ ಅಲುಗದಂತೆ ಕೂರಬೇಕು. ಸ್ಪ್ಲಿಟ್ ಪಿನ್ ಇರುವ ಜೋಡಣೆಯಾದರೆ ಹೊಸ ಪಿನ್ನನ್ನೇ ಹಾಕಿಸಿ. ತೂತು ಕೂಡಿಬರಲೆಂದು ನಟ್ಟನ್ನು ಸಡಿಲಿಸುವುದು ತಪ್ಪು, ಮುಂದಕ್ಕೆ ಬಿಗಿಯಬೇಕು. ಕೆಲಸ ಮುಗಿದೊಡನೆ ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರು ಒಂದೇ ಬದಿಗೆ ಸವೆದು, ಉಳಿಸಿದ ಹಣಕ್ಕಿಂತ ಹೆಚ್ಚಿನದನ್ನು ನುಂಗುತ್ತದೆ. ಖಾಲಿ ಪೊಟ್ಟಣವನ್ನು ಇಡಿಯಾಗಿ ಅಲ್ಲಿಯೇ ಬಿಟ್ಟುಬರದೆ ಹರಿದು ಹಾಕಿ. ಅದರೊಳಗೆ ಬೇರೆ ಮಾಲನ್ನು ತುಂಬಿ ಮಾರಲು ಅವಕಾಶವಾಗಬಾರದು.