ಒಂದೇ ಆಸ್ಪತ್ರೆ, ಬೇರೆ ಬೇರೆ ತರಗತಿ

ಮುಂಡರಗಿ, ಶಿರಹಟ್ಟಿ ಅಥವಾ ಲಕ್ಷ್ಮೇಶ್ವರದಿಂದ ಗದಗದ ಆಸ್ಪತ್ರೆಗೆ ಬರುವ ರೋಗಿಯನ್ನು ಗುಣಪಡಿಸುವವರು ವೈದ್ಯರೊಬ್ಬರೇ ಅಲ್ಲ. ರಕ್ತ ಪರೀಕ್ಷಿಸುವವರು, ಔಷಧಿ ಕೊಡುವವರು, ರಾತ್ರಿಯಿಡೀ ಎಚ್ಚರವಿರುವ ದಾದಿ, ಊರಿಗೆ ಮರಳಿದ ಮೇಲೆ ವಿಚಾರಿಸುವ ಆಶಾ ಕಾರ್ಯಕರ್ತೆ ಎಲ್ಲರ ಶ್ರಮವೂ ಅದರಲ್ಲಿದೆ. ಆದರೆ ನಾಳೆ ಒಂದೇ ವಾರ್ಡಿನಲ್ಲಿ ದುಡಿಯಬೇಕಾದ ಇವರು ಇಂದು ಒಟ್ಟಿಗೆ ಕುಳಿತು ಕಲಿಯುವುದು ಅಪರೂಪ ಎಂಬುದು ವಿಪರ್ಯಾಸ.

ಪರಸ್ಪರರ ಕುರಿತು ಈ ವಿದ್ಯಾರ್ಥಿಗಳ ಮನೋಭಾವವನ್ನು ಅಳೆಯಬಹುದೇ? ಇಂಗ್ಲೆಂಡಿನ ಪಾರ್ಸೆಲ್ ಮತ್ತು ಬ್ಲೈ ಎಂಬ ತಜ್ಞರು 1999ರಲ್ಲಿ ಇದಕ್ಕಾಗಿ 19 ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಸಹಕಾರ, ವೃತ್ತಿಯ ಅಸ್ಮಿತೆ, ಹೊಣೆಗಾರಿಕೆ ಎಂಬ ಮೂರು ವಿಷಯಗಳಲ್ಲಿ ವಿದ್ಯಾರ್ಥಿಯು ತನ್ನ ಒಪ್ಪಿಗೆ ಎಷ್ಟೆಂದು ಗುರುತಿಸಬೇಕು. ಅನೇಕ ದೇಶಗಳಲ್ಲಿ ಇದು ಬಳಕೆಯಾಗಿದೆ. ಆದರೆ ಕಾಗದದ ಮೇಲೆ ಸಹಕಾರ ಬೇಡವೆನ್ನುವವರು ಯಾರಿದ್ದಾರೆ? ‘ಸರ್, ಈ ಔಷಧಿಯ ಪ್ರಮಾಣ ಹೆಚ್ಚಾಯಿತಲ್ಲವೇ?’ ಎಂದು ದಾದಿಯೊಬ್ಬಳು ಕೇಳಿದಾಗ ತರುಣ ವೈದ್ಯನು ಸಿಡುಕುತ್ತಾನೋ, ಚೀಟಿಯನ್ನು ಮತ್ತೊಮ್ಮೆ ನೋಡುತ್ತಾನೋ ಎಂಬುದೇ ನಿಜವಾದ ಅಳತೆ.

ಇದು ಬರಿಯ ಸೌಜನ್ಯದ ಪ್ರಶ್ನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ರೂಪಿಸಿದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯ ಪ್ರಕಾರ, ಕತ್ತರಿ ಹಿಡಿಯುವ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸವನ್ನು ಹೇಳಬೇಕು. ದೆಹಲಿ ಸೇರಿದಂತೆ 8 ನಗರಗಳಲ್ಲಿ ಈ ಪಟ್ಟಿಯನ್ನು ಅನುಸರಿಸಿದಾಗ ಸಾವಿನ ಪ್ರಮಾಣವು ಶೇ. 1.5ರಿಂದ ಶೇ. 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಪರಸ್ಪರ ಮಾತಾಡುವ ತಂಡವು ಜೀವ ಉಳಿಸುತ್ತದೆ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕೇ?

ಗದಗಕ್ಕೆ 2015ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂತು. ವೈದ್ಯನು ತಂಡದ ನಾಯಕನೂ ಸದಸ್ಯನೂ ಆಗಿರಬೇಕೆಂದು 2019ರಲ್ಲಿ ಜಾರಿಯಾದ ಎಂಬಿಬಿಎಸ್ ಪಠ್ಯಕ್ರಮ ಹೇಳುತ್ತದೆ. ಆದ್ದರಿಂದ ಜಿಲ್ಲೆಯ ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ವಿದ್ಯಾರ್ಥಿಗಳನ್ನು ತಿಂಗಳಿಗೊಮ್ಮೆಯಾದರೂ ಒಬ್ಬನೇ ರೋಗಿಯ ಸುತ್ತ ಸೇರಿಸಿ ಚರ್ಚಿಸಲು ಬಿಡಬೇಕು. ಅವರ ಮನೋಭಾವವನ್ನು ಪ್ರವೇಶದ ವರ್ಷ ಅಳೆದು, ತರಬೇತಿ ಮುಗಿಯುವಾಗ ಮತ್ತೆ ಅಳೆಯಬೇಕು. ಅಂಕ ಇಳಿದಿದ್ದರೆ ದೋಷ ವಿದ್ಯಾರ್ಥಿಯದ್ದಲ್ಲ, ಕಲಿಸಿದವರದ್ದು.

ಹಾಗೆಂದು ಎಲ್ಲ ಹೊಣೆಯನ್ನೂ ಕಾಲೇಜಿನ ಮೇಲೆ ಹೊರಿಸುವಂತಿಲ್ಲ. ಮಗ ಎಂಬಿಬಿಎಸ್ ಸೇರಿದರೆ ಮೊಹಲ್ಲಾಕ್ಕೆಲ್ಲ ಸಿಹಿ ಹಂಚುವ ನಾವು, ಮಗಳು ನರ್ಸಿಂಗ್ ಸೇರಿದಾಗ ‘ಬರೀ ನರ್ಸಿಂಗ್’ ಎಂದು ದನಿ ತಗ್ಗಿಸುತ್ತೇವೆ. ಮೇಲು ಕೀಳಿನ ಮೊದಲ ಪಾಠವನ್ನು ಆ ಮಗ ಕಲಿಯುವುದು ನಮ್ಮ ಮನೆಯಲ್ಲೇ. ರೋಗಿಯ ಜೀವವು ಅವರಿಬ್ಬರ ಕೈಗೂ ಒಪ್ಪಿಸಲಾದ ಅಮಾನತ್ತು ಎಂಬುದನ್ನು ಮೊದಲು ಹೆತ್ತವರು ಅರಿಯಬೇಕಾಗಿದೆ.